ಹೀಟ್ ಆದ ಮೇಲೆ ಚೆಕ್ ಲೈಟ್: ಎಂಜಿನ್ ಕೋಡ್‌ಗಳನ್ನು ಯಾವ ಕ್ರಮದಲ್ಲಿ ಓದಬೇಕು

ಕಳೆದ ಮೇ ತಿಂಗಳಲ್ಲಿ ಮಂಗಳೂರಿನಿಂದ ಹಾಸನಕ್ಕೆ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ನಮ್ಮ ಕಾರು ಹೀಟ್ ಆಗಿ ನಿಂತಿತು. 1.2 ಲೀಟರ್ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್, ಬಿಎಸ್4 ಗಾಡಿ. ಗುಂಡ್ಯ ದಾಟಿದ ಮೇಲೆ ಮುಂದೆ ಗ್ಯಾಸ್ ಟ್ಯಾಂಕರ್‌ಗಳ ಸಾಲು. ಎರಡನೇ ಗೇರಿನಲ್ಲೇ ಏರಬೇಕು. ಎಸಿ ಹಾಕಿತ್ತು, ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು. ಟೆಂಪರೇಚರ್ ಮುಳ್ಳು ನಿಧಾನವಾಗಿ ಮೇಲೇರಿತು. ಎಸಿ ಆಫ್ ಮಾಡಿದೆ. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗಿಯೇ ಇಳಿದು ಮಧ್ಯಕ್ಕೆ ಬಂತು. ಸರಿಹೋಯಿತು ಅಂದುಕೊಂಡು ಇನ್ನೂ ಎರಡು ಕಿಲೋಮೀಟರ್ ಓಡಿಸಿದೆ. ಆಮೇಲೆ ಎಂಜಿನ್ ಟಕಟಕ ಅನ್ನತೊಡಗಿತು, ಪಿಕಪ್ ಹೋಯಿತು, ಡ್ಯಾಶ್‌ಬೋರ್ಡಿನ ಎಂಜಿನ್ ಚೆಕ್ ಲೈಟ್ ಮಿಣುಕತೊಡಗಿತು.

ಆ ಎರಡು ಕಿಲೋಮೀಟರೇ ನಮ್ಮ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್) ತಿಂದದ್ದು. ಮುಳ್ಳು ಯಾಕೆ ಇಳಿಯಿತು ಅಂತ ಆಮೇಲೆ ಗೊತ್ತಾಯಿತು, ಅದನ್ನು ಮುಂದೆ ಹೇಳುತ್ತೇನೆ. ಆದರೆ ರಿಪೇರಿಯ ಮೂರು ವಾರಗಳಲ್ಲಿ ನಾನು ಕಲಿತ ದೊಡ್ಡ ವಿಷಯ ಇದು: ಹೀಟ್ ಆದ ಮೇಲೆ ಸ್ಕ್ಯಾನರ್‌ನಲ್ಲಿ (ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷಗಳನ್ನು ಓದುವ ಸಾಧನ) ಬರುವ ಕೋಡ್‌ಗಳಲ್ಲಿ ಹೆಚ್ಚಿನವು ಬಿಸಿಯಿಂದ ಆದ ಹಾನಿಯನ್ನು ಹೇಳುತ್ತವೆ. ಬಿಸಿ ಯಾಕಾಯಿತು ಅಂತ ಹೇಳುವ ಕೋಡ್ ಎಷ್ಟೋ ಸಲ ಬರುವುದೇ ಇಲ್ಲ. ನಮಗೂ ಬರಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಕಂಡ ಕೋಡಿಗೆಲ್ಲ ಒಂದೊಂದು ಪಾರ್ಟ್ ಬದಲಾಯಿಸುತ್ತಾ ಹೋದರೆ ದುಡ್ಡು ಖಾಲಿಯಾಗುತ್ತದೆ, ಗಾಡಿ ಮತ್ತೆ ಹೀಟ್ ಆಗುತ್ತದೆ.

ಸ್ಕ್ಯಾನರ್ ಹಾಕುವ ಮೊದಲು

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಎಲ್ಲರೂ ಹೇಳುವ ಮಾತೇ, ಆದರೆ ಯಾಕೆ ಅಂತ ಗೊತ್ತಿದ್ದರೆ ಕೈ ತಾನಾಗಿ ಹಿಂದೆ ಬರುತ್ತದೆ. ಆ ಮುಚ್ಚಳ ಸಾಮಾನ್ಯವಾಗಿ 0.9ರಿಂದ 1.1 ಬಾರ್ ಒತ್ತಡ ಹಿಡಿದಿಡುತ್ತದೆ. ಅಷ್ಟು ಒತ್ತಡದಲ್ಲಿ ಬರೀ ನೀರೂ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗುತ್ತದೆ, ಒಳಗಿರುವುದೆಲ್ಲ ಒಂದೇ ಸಲ ಕುದಿದು ಮುಖಕ್ಕೆ ಹಾರುತ್ತದೆ. ಗಂಟೆಗಟ್ಟಲೆ ಕಾಯಬೇಕಾದರೂ ಕಾಯಿರಿ. ಮೇಲಿನ ಹೋಸ್ ಪೈಪ್ ಕೈಯಲ್ಲಿ ಹಿಡಿದು ಅಮುಕುವಷ್ಟು ತಣ್ಣಗಾಗಿ ಮೆತ್ತಗಾದ ಮೇಲೆ, ದಪ್ಪ ಬಟ್ಟೆ ಹಾಕಿ ತೆಗೆಯಿರಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ. ಅಲ್ಯೂಮಿನಿಯಂ ಹೆಡ್ ಅಂಥ ಪೆಟ್ಟು ತಾಳುವುದಿಲ್ಲ, ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಇನ್ನೊಂದು: ಯಾರೂ ಬ್ಯಾಟರಿ ತಂತಿ ಬಿಚ್ಚದಂತೆ ನೋಡಿಕೊಳ್ಳಿ. "ಒಂದ್ಸಲ ರೀಸೆಟ್ ಮಾಡೋಣ ಸಾರ್" ಅಂತ ಸಹಾಯಕ್ಕೆ ಬಂದವರು ಮೊದಲು ಮಾಡುವುದೇ ಅದು. ಬ್ಯಾಟರಿ ಬಿಚ್ಚಿದರೂ, ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿದರೂ, ಕೋಡ್ ಜೊತೆಗೆ ಫ್ರೀಜ್ ಫ್ರೇಮ್ (ದೋಷ ಕಂಡ ಕ್ಷಣದ ಎಂಜಿನ್ ಅಂಕಿಗಳು) ಕೂಡ ಹೋಗಬಹುದು. ನಮ್ಮ ಕೈಯಲ್ಲಿರುವ ಅತ್ಯಂತ ಬೆಲೆಬಾಳುವ ಸಾಕ್ಷಿ ಅದು.

ಕೋಡ್ ಬರೆದುಕೊಳ್ಳುವುದು

ಭಾರತದಲ್ಲಿ 2013ರ ಏಪ್ರಿಲ್ ನಂತರದ ಬಿಎಸ್4 ಕಾರುಗಳಿಗೆ ಒಬಿಡಿ-2, ಅಂದರೆ ಕಾರೇ ತನ್ನ ದೋಷ ಗುರುತಿಸಿಡುವ ವ್ಯವಸ್ಥೆ, ಇದೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಬ್ಲೂಟೂತ್‌ನಲ್ಲಿ ಫೋನಿಗೆ ಸೇರುವ ಇಎಲ್‌ಎಂ327 ಥರದ ಚಿಕ್ಕ ಅಡಾಪ್ಟರ್ ಸಾಕು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಸ್ಟೋರ್ ಆದ ಕೋಡ್, ಪೆಂಡಿಂಗ್ ಕೋಡ್, ಫ್ರೀಜ್ ಫ್ರೇಮ್ ಮೂರನ್ನೂ ಬೇರೆ ಬೇರೆಯಾಗಿ ಓದಿ, ಸ್ಕ್ರೀನ್ ಫೋಟೋ ತೆಗೆದಿಟ್ಟುಕೊಳ್ಳಿ. ಪೆಂಡಿಂಗ್ ಅಂದರೆ ಕಂಪ್ಯೂಟರ್‌ಗೆ ಒಮ್ಮೆ ಅನುಮಾನ ಬಂದಿದೆ, ಇನ್ನೂ ಖಾತ್ರಿಯಾಗಿಲ್ಲ ಅಂತ.

ನಮ್ಮ ಗಾಡಿಯಲ್ಲಿ ಬಂದದ್ದು ಇವು: ಪಿ0302, ಪಿ0303, ಪಿ0116, ಪಿ0118. ಪೆಂಡಿಂಗ್‌ನಲ್ಲಿ ಪಿ0300. ಅಂದರೆ ಎರಡನೇ ಸಿಲಿಂಡರ್ ಮಿಸ್ (ಒಳಗಿನ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ), ಮೂರನೇ ಸಿಲಿಂಡರ್ ಮಿಸ್, ಕೂಲಂಟ್ ಟೆಂಪರೇಚರ್ ಸೆನ್ಸರ್ ಹೇಳುವುದು ನಂಬುವ ಹಾಗಿಲ್ಲ, ಅದೇ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಜಾಸ್ತಿ, ಮತ್ತು ಒಟ್ಟಾರೆ ಎಲ್ಲೋ ಮಿಸ್‌ಫೈರ್. ಹಾಸನದಲ್ಲಿ ತೋರಿಸಿದ ಒಂದು ವರ್ಕ್‌ಶಾಪ್‌ನವರು ಈ ಪಟ್ಟಿ ನೋಡಿ ಎರಡು ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವುದು), ನಾಲ್ಕು ಪ್ಲಗ್, ಒಂದು ಟೆಂಪರೇಚರ್ ಸೆನ್ಸರ್ ಅಂತ ಎಸ್ಟಿಮೇಟ್ ಬರೆದರು. ಬದಲಾಯಿಸಬೇಕಾದದ್ದು ಅದರಲ್ಲಿ ಒಂದೂ ಇರಲಿಲ್ಲ.

84 ಡಿಗ್ರಿ

ಚೆಕ್ ಲೈಟ್ ಹತ್ತಿದ ಗಳಿಗೆಯಲ್ಲಿ ಎಂಜಿನ್ ಹೇಗಿತ್ತು ಅನ್ನುವುದರ ಚಿತ್ರವೇ ಫ್ರೀಜ್ ಫ್ರೇಮ್. ನಮ್ಮದು ಪಿ0302ಕ್ಕೆ ಸೇರಿದ್ದು. ಅದರಲ್ಲಿ ಇದ್ದ ಅಂಕಿಗಳು: ವೇಗ 31 ಕಿ.ಮೀ., ಆರ್‌ಪಿಎಂ 2300, ಲೋಡ್ ಶೇಕಡ 91, ಒಳಗೆ ಹೋಗುವ ಗಾಳಿಯ ಉಷ್ಣತೆ 58 ಡಿಗ್ರಿ, ಕೂಲಂಟ್ 84 ಡಿಗ್ರಿ.

ಕೊನೆಯ ಅಂಕಿ ನೋಡಿ. 84 ಅಂದರೆ ಸರಿಯಾಗಿರುವ ಎಂಜಿನ್ನಿನ ಉಷ್ಣತೆ. ಬಹಳಷ್ಟು ಕಾರುಗಳಲ್ಲಿ ಥರ್ಮೋಸ್ಟಾಟ್ (ಕಾದ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ತೆರೆಯುವುದೇ 82ರಿಂದ 88ರ ನಡುವೆ. ಘಾಟಿ ಏರುತ್ತಿದೆ, ಎಂಜಿನ್ ಹೆಚ್ಚುಕಡಿಮೆ ಪೂರ್ತಿ ದುಡಿಯುತ್ತಿದೆ, ಬೋನೆಟ್ ಒಳಗಿನ ಗಾಳಿಯೇ 58 ಡಿಗ್ರಿ, ಎಂಜಿನ್ ಮಿಸ್ ಹೊಡೆಯುತ್ತಿದೆ. ಕೂಲಂಟ್ ಮಾತ್ರ ಆರಾಮಾಗಿ 84? ಸಾಧ್ಯವಿಲ್ಲ.

ಸೆನ್ಸರ್ ಕೆಟ್ಟಿರಲಿಲ್ಲ. ಅದರ ಸುತ್ತ ನೀರೇ ಇರಲಿಲ್ಲ. ಈ ಸೆನ್ಸರ್ ದ್ರವದಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾಗಿ ಅಳೆಯುತ್ತದೆ. ಕೂಲಂಟ್ ಕುದಿದು ಆಚೆ ಹೋದ ಮೇಲೆ ಅದು ಹಬೆ ಮತ್ತು ಗಾಳಿಯ ಪೊಟ್ಟಣದೊಳಗೆ ನೇತಾಡುತ್ತಿತ್ತು. ಲೋಹ ಕಾದು ಕೆಂಡವಾಗುತ್ತಿದ್ದರೂ ಅದಕ್ಕೆ ತಿಳಿಯಲಿಲ್ಲ. ನಾನು ನೋಡುತ್ತಿದ್ದ ಮುಳ್ಳು ಇಳಿದದ್ದೂ ಇದೇ ಕಾರಣಕ್ಕೆ. ಸೆನ್ಸರ್ ಹೇಳಿದ ಅಂಕಿ ಹೀಗೆ ಹಠಾತ್ತನೆ ಜಿಗಿದದ್ದರಿಂದ ಕಂಪ್ಯೂಟರ್ ಪಿ0116 ಬರೆದುಕೊಂಡಿತು. ಹಾಗಾಗಿ ಹೀಟ್ ಆದ ಗಾಡಿಯಲ್ಲಿ ಪಿ0116 ಕಂಡರೆ ಮೊದಲು ನೀರಿನ ಮಟ್ಟ ನೋಡಿ, ಸೆನ್ಸರ್ ಆಮೇಲೆ. ಮತ್ತೆ ಮುಳ್ಳು ಮೇಲೆ ಹೋಗಿ ಕಾರಣವಿಲ್ಲದೆ ತಟ್ಟನೆ ಕೆಳಗೆ ಬಂದರೆ, ದಯವಿಟ್ಟು ಆ ಕ್ಷಣವೇ ಎಂಜಿನ್ ಆಫ್ ಮಾಡಿ. ಮುಳ್ಳೇ ಇಲ್ಲದ, ಬರೀ ಕೆಂಪು ದೀಪ ಇರುವ ಚಿಕ್ಕ ಕಾರುಗಳಲ್ಲಿ ಇಷ್ಟು ಸೂಚನೆಯೂ ಸಿಗುವುದಿಲ್ಲ.

ರಿಪೇರಿಯೇ ಹುಟ್ಟಿಸಿದ ಕೋಡ್

ಪಿ0118ರ ಕಥೆ ಬೇರೆ. ಗಾಡಿಯನ್ನು ಎಳೆಸಿಕೊಂಡು ಸಕಲೇಶಪುರಕ್ಕೆ ತಂದಾಗ ಅಲ್ಲಿನ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ, "ಫ್ಯಾನ್ ತಿರುಗ್ತಿತ್ತಾ ಸಾರ್?" ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕೀ ಆನ್ ಮಾಡಿಸಿ ಟೆಂಪರೇಚರ್ ಸೆನ್ಸರ್‌ನ ಸಾಕೆಟ್ ಎಳೆದರು. ಒಳ್ಳೆಯ ಪರೀಕ್ಷೆ ಅದು. ಸೆನ್ಸರ್ ಸಂಪರ್ಕ ತಪ್ಪಿದರೆ ಬಹಳ ಕಾರುಗಳು ಜಾಗ್ರತೆಗೆ ಫ್ಯಾನನ್ನು ಓಡಿಸಿಬಿಡುತ್ತವೆ. ನಮ್ಮದು ತಿರುಗಲಿಲ್ಲ. ಅವರು ಎಳೆದ ಆ ಸಾಕೆಟ್‌ನಿಂದಲೇ ಪಿ0118 ಬಂದದ್ದು. ವೈರ್ ಬಿಟ್ಟುಹೋದರೆ ಕಂಪ್ಯೂಟರ್‌ಗೆ 5 ವೋಲ್ಟ್ ಹಾಗೇ ಕಾಣುತ್ತದೆ, ಅದನ್ನು ಅದು ಮೈನಸ್ 40 ಡಿಗ್ರಿ ಅಂತ ಓದುತ್ತದೆ.

ಹಾಸನದ ವರ್ಕ್‌ಶಾಪ್‌ನವರಿಗೆ ಈ ಹಿನ್ನೆಲೆ ಗೊತ್ತಿರಲಿಲ್ಲ. ಕೋಡ್ ನೋಡಿ ಸೆನ್ಸರ್ ಅಂದರು. ಅದಕ್ಕೇ ಹೇಳುವುದು, ಗಾಡಿಗೆ ಯಾರು ಯಾರು ಕೈ ಹಾಕಿದರು, ಏನು ಬಿಚ್ಚಿದರು ಅಂತ ಒಂದು ಚೀಟಿಯಲ್ಲಿ ಬರೆದಿಡಿ.

ನಿಮ್ಮ ಗಾಡಿಯಲ್ಲಿ ಯಾರೂ ಬಿಚ್ಚದೆ ಪಿ0117 ಅಥವಾ ಪಿ0118 ಬಂದಿದ್ದರೆ ಪರೀಕ್ಷೆ ಸುಲಭ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ಆನ್ ಮಾಡಿ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ (ಆ ಕ್ಷಣದ ಅಂಕಿಗಳು) ನೋಡಿ. ಕೂಲಂಟ್ ಉಷ್ಣತೆ ಮತ್ತು ಒಳಗೆ ಹೋಗುವ ಗಾಳಿಯ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಸುಳ್ಳು ಹೇಳುತ್ತಿದೆ. ಆಮೇಲೆ ಸಾಕೆಟ್ ಬಿಚ್ಚಿ: ಮೈನಸ್ 40 ತೋರಿಸಬೇಕು. ಎರಡು ಪಿನ್ನುಗಳ ಸೆನ್ಸರ್ ಆದರೆ ಸಾಕೆಟ್‌ನ ಎರಡೂ ಪಿನ್ನುಗಳನ್ನು ಒಂದು ಚಿಕ್ಕ ತಂತಿಯಿಂದ ಸೇರಿಸಿ: ಅಂಕಿ ನೂರಮೂವತ್ತರ ಆಚೆ ಹಾರಬೇಕು. ಎರಡೂ ಆದರೆ ವೈರಿಂಗ್ ಮತ್ತು ಕಂಪ್ಯೂಟರ್ ಸರಿಯಿವೆ, ತಪ್ಪು ಸೆನ್ಸರ್‌ನದು. ಮಲ್ಟಿಮೀಟರ್ ಇದ್ದರೆ ಸೆನ್ಸರ್‌ನ ರೆಸಿಸ್ಟೆನ್ಸ್ ಕೂಡ ನೋಡಬಹುದು. ಬಹಳ ಕಾರುಗಳಲ್ಲಿ 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಂ, 80 ಡಿಗ್ರಿಯಲ್ಲಿ 300 ಓಂ ಆಸುಪಾಸು. ಬಿಸಿಯಾದಷ್ಟೂ ಇಳಿಯುತ್ತಾ ಹೋಗಬೇಕು. ಬೋನೆಟ್ ಒಳಗೆ ಎಲ್ಲಾದರೂ ವೈರ್ ಕರಗಿ ಒಂದಕ್ಕೊಂದು ಅಂಟಿಕೊಂಡಿದೆಯಾ ಅಂತಲೂ ಕಣ್ಣು ಹಾಯಿಸಿ. ಒಂದೇ 5 ವೋಲ್ಟ್ ಲೈನ್ ಹಂಚಿಕೊಳ್ಳುವ ನಾಲ್ಕೈದು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬಂದರೆ ಅಷ್ಟೂ ಸೆನ್ಸರ್ ಒಂದೇ ದಿನ ಸತ್ತಿರುವುದಿಲ್ಲ ಅಲ್ವಾ.

ಕೋಡ್ ಇಲ್ಲದ ಮೂಲ ಕಾರಣ

ಫ್ಯಾನಿಗೂ ಒಂದು ಕೋಡ್ ಇದೆ, ಪಿ0480. ಅದು ನಮಗೆ ಬಂದಿರಲಿಲ್ಲ. ಸಕಲೇಶಪುರದವರು ಅದಕ್ಕೆಲ್ಲ ಕಾಯಲಿಲ್ಲ. ಫ್ಯೂಸ್ ನೋಡಿದರು, ಸರಿಯಿತ್ತು. ಹಾರ್ನ್ ರಿಲೇಯ (ಕರೆಂಟ್ ಹರಿಸುವ ಸ್ವಿಚ್) ಮೇಲಿನ ನಂಬರ್ ಫ್ಯಾನ್ ರಿಲೇಯದ್ದೇ ಅಂತ ನೋಡಿಕೊಂಡು ಎರಡನ್ನೂ ಅದಲುಬದಲು ಮಾಡಿದರು. ಫ್ಯಾನ್ ಗಿರ್ರನೆ ಶುರುವಾಯಿತು, ಹಾರ್ನ್ ಸತ್ತುಹೋಯಿತು.

ತೆಗೆದ ರಿಲೇಯನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಬಿಚ್ಚಿ ತೋರಿಸಿದರು. ಒಳಗೆ ತಾಮ್ರದ ಸುರುಳಿ ಹೊಸದರ ಹಾಗೆ ಹೊಳೆಯುತ್ತಿತ್ತು. ಪಕ್ಕದ ಪುಟ್ಟ ಕಾಂಟ್ಯಾಕ್ಟ್ ಮಾತ್ರ ಸುಟ್ಟ ಸಾಸಿವೆ ಕಾಳಿನಂತೆ ಕಪ್ಪಾಗಿತ್ತು. ಕೋಡ್ ಯಾಕೆ ಬರಲಿಲ್ಲ ಅನ್ನುವುದು ಅಲ್ಲೇ ಇತ್ತು. ನಮ್ಮ ಕಾರಿನ ಥರದ ಗಾಡಿಗಳಲ್ಲಿ ಕಂಪ್ಯೂಟರ್ ಗಮನಿಸುವುದು ಆ ಸುರುಳಿಯನ್ನು ಮಾತ್ರ. ಸುರುಳಿ ಕೆಲಸ ಮಾಡುತ್ತಿದ್ದರೆ ಅದರ ಮಟ್ಟಿಗೆ ಫ್ಯಾನ್ ಓಡುತ್ತಿದೆ. ಕಾಂಟ್ಯಾಕ್ಟ್ ಸುಟ್ಟರೂ, ಮೋಟಾರ್ ಜಾಮ್ ಆದರೂ ಅದಕ್ಕೆ ಕಾಣುವುದಿಲ್ಲ.

ಈಗ ಹಿಂದಕ್ಕೆ ತಿರುಗಿ ನೋಡಿದರೆ ಒಂದು ಸೂಚನೆ ಎರಡು ವಾರದಿಂದ ಇತ್ತು. ಗಾಡಿ ಓಡುವಾಗ ಎಸಿ ಚೆನ್ನಾಗಿ ತಣ್ಣಗಿರುತ್ತಿತ್ತು, ನಿಂತಲ್ಲಿ ಬಿಸಿ ಗಾಳಿ ಬರುತ್ತಿತ್ತು. ಗ್ಯಾಸ್ ಕಮ್ಮಿಯಾಗಿರಬೇಕು ಅಂದುಕೊಂಡಿದ್ದೆ. ಚಿಕ್ಕ ಕಾರುಗಳಲ್ಲಿ ರೇಡಿಯೇಟರ್‌ಗೂ ಎಸಿ ಕಂಡೆನ್ಸರ್‌ಗೂ ಒಂದೇ ಫ್ಯಾನ್ ಇರುವುದು ಸಾಮಾನ್ಯ. ಫ್ಯಾನ್ ಕೈಕೊಟ್ಟರೆ ಎಸಿಯೇ ಮೊದಲು ಹೇಳುತ್ತದೆ. ಹಾಸನದ ಖಾಲಿ ರಸ್ತೆಗಳಲ್ಲಿ ಎದುರುಗಾಳಿಯೇ ರೇಡಿಯೇಟರ್ ತಣಿಸುತ್ತಿತ್ತು. ಟ್ಯಾಂಕರ್ ಹಿಂದೆ ನಿಧಾನವಾಗಿ ಏರುವಾಗ ಆ ಗಾಳಿ ಸಾಲಲಿಲ್ಲ.

ನಿಮ್ಮ ಗಾಡಿಯಲ್ಲಿ ಫ್ಯಾನ್ ಸರಿಯಿದ್ದರೆ ಮುಂದೆ ಹುಡುಕಿ. ಹೈವೇಯಲ್ಲಿ ಜೋರಾಗಿ ಹೋಗುವಾಗಲೇ ಹೀಟ್ ಆಗುತ್ತದೆ, ಟ್ರಾಫಿಕ್‌ನಲ್ಲಿ ಆಗುವುದಿಲ್ಲ ಅಂದರೆ ತಪ್ಪು ಫ್ಯಾನಿನದಲ್ಲ. ರೇಡಿಯೇಟರ್ ಕಟ್ಟಿದೆ, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ, ಅಥವಾ ವಾಟರ್ ಪಂಪ್ ದೂಡುತ್ತಿಲ್ಲ. ಎಂಜಿನ್ ಕಾದಿದ್ದರೂ ರೇಡಿಯೇಟರ್‌ನ ಕೆಳಗಿನ ಹೋಸ್ ತಣ್ಣಗೇ ಇದ್ದರೆ ನೀರು ಸುತ್ತುತ್ತಿಲ್ಲ ಅಂತ ಅರ್ಥ. ನಮ್ಮ ಬಯಲುಸೀಮೆ ಕಡೆ ಬೋರ್‌ವೆಲ್‌ನ ಗಡಸು ನೀರನ್ನೇ ವರ್ಷಗಟ್ಟಲೆ ಹಾಕಿದ ಗಾಡಿಗಳಲ್ಲಿ, ನೀರೊಲೆ ಹಂಡೆಯೊಳಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಒಳಗೂ ಕಟ್ಟಿರುತ್ತದೆ. ಕೂಲಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ.

ಕಾರ್ಖಾನೆಯ ಥರ್ಮೋಸ್ಟಾಟ್ ಬಿಚ್ಚಿ ಬಿಸಾಡುವ ರಿಪೇರಿಗೆ ಮಾತ್ರ ಒಪ್ಪಬೇಡಿ. ನಮ್ಮ ಭಾವನ ಕಾರಿಗೆ ಹೀಗೆ ಮಾಡಿದ್ದರು. ಹೀಟ್ ಆಗುವುದು ಕಮ್ಮಿಯಾಯಿತು, ಒಂದು ವಾರದಲ್ಲಿ ಪಿ0128 ಬಂತು: ಎಂಜಿನ್ ಬಿಸಿಯಾಗಬೇಕಾದಷ್ಟು ಬಿಸಿಯಾಗುತ್ತಿಲ್ಲ ಅಂತ. ತಣ್ಣನೆಯ ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಮೈಲೇಜ್ ಇಳಿಯುತ್ತದೆ. ಮೂಲ ದೋಷ ಹಾಗೇ ಒಳಗಿತ್ತು, ಅವರ ರೇಡಿಯೇಟರ್ ಅರ್ಧ ಕಟ್ಟಿತ್ತು.

ಅಕ್ಕಪಕ್ಕದ ಸಿಲಿಂಡರ್‌ಗಳು

ಉಳಿದದ್ದು ಮಿಸ್‌ಫೈರ್. ಚೆಕ್ ಲೈಟ್ ಸುಮ್ನೆ ಹತ್ತಿಕೊಂಡಿರುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ. ಹಾಗೆ ಓಡಿಸಬಾರದು.

ಒಂದೇ ಸಿಲಿಂಡರ್‌ನ ಕೋಡ್ ಬಂದರೆ ಕಾಯಿಲ್ ಪರೀಕ್ಷೆಗೆ ಖರ್ಚಿಲ್ಲ. ಎರಡನೇ ಸಿಲಿಂಡರ್‌ನ ಕಾಯಿಲ್ ತೆಗೆದು ಒಂದನೆಯದಕ್ಕೆ ಹಾಕಿ, ಒಂದನೆಯದರದ್ದು ಎರಡನೆಯದಕ್ಕೆ. ಮಿಸ್ ಕೂಡ ಒಂದಕ್ಕೆ ಹೋಗಿ ಪಿ0301 ಬಂದರೆ ಕಾಯಿಲ್ ಕೆಟ್ಟಿದೆ. ನಾನು ಮಾಡಿದೆ. ಕೋಡ್ ಕದಲಲಿಲ್ಲ, ಎರಡು ಮತ್ತು ಮೂರರಲ್ಲೇ ಉಳಿಯಿತು. ಹೀಟ್ ಆದ ಗಾಡಿಯಲ್ಲಿ ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಮಿಸ್ ಆದರೆ ಮೊದಲ ಅನುಮಾನ ಅವೆರಡರ ನಡುವಿನ ಗ್ಯಾಸ್ಕೆಟ್ ಮೇಲೆ. ಅಲ್ಲಿ ಗ್ಯಾಸ್ಕೆಟ್‌ನ ಅಂಚು ತೀರಾ ಕಿರಿದು.

ಇದನ್ನು ಹೇಳುವುದು ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್, ಸ್ಕ್ಯಾನರ್ ಅಲ್ಲ. ನಾಲ್ಕೂ ಪ್ಲಗ್ ತೆಗೆಯಬೇಕು, ಕಾಯಿಲ್ ಮತ್ತು ಇಂಜೆಕ್ಟರ್‌ಗಳ ಸಾಕೆಟ್ ಬಿಚ್ಚಿರಬೇಕು, ಬ್ಯಾಟರಿ ಗಟ್ಟಿಯಾಗಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ಗೇಜ್ ಹಾಕಿ ಓದುತ್ತಾ ಹೋದರು, ನಾನು ಬರೆದುಕೊಂಡೆ: 175, 95, 100, 170 ಪಿಎಸ್‌ಐ. ಸಿಲಿಂಡರ್‌ಗಳ ನಡುವೆ ಶೇಕಡ ಹತ್ತು ಹದಿನೈದರ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ಇದು ಅದಲ್ಲ. ಇನ್ನು ಮಾತೇ ಬೇಕಿರಲಿಲ್ಲ.

ಗ್ಯಾಸ್ಕೆಟ್ ನೀರಿನ ದಾರಿಯ ಕಡೆ ಒಡೆದರೆ ಲಕ್ಷಣ ಬೇರೆ ಇರುತ್ತದೆ. ಆ ಸಿಲಿಂಡರ್‌ನ ಪ್ಲಗ್ ಬೇರೆಯವಕ್ಕಿಂತ ತೊಳೆದಂತೆ ಬೆಳ್ಳಗಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಮಿಸ್ ಹೊಡೆದು, ಸಿಹಿ ವಾಸನೆಯ ಬಿಳಿ ಹೊಗೆ ಬಂದು ಆಮೇಲೆ ಸರಿಹೋಗುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರ್‌ನಲ್ಲಿ ನಿಲ್ಲದೆ ಗುಳ್ಳೆ ಏಳುತ್ತದೆ. ಖಾತ್ರಿಗೆ ಬ್ಲಾಕ್ ಟೆಸ್ಟರ್ ಇದೆ: ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದಾಗ, ಪೆಟ್ರೋಲ್ ಗಾಡಿಯಲ್ಲಿ ಅದು ಹಳದಿಗೆ ತಿರುಗಿದರೆ ಸಿಲಿಂಡರ್ ಹೊಗೆ ನೀರಿಗೆ ಸೇರುತ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ನೀರು ಆಯಿಲ್‌ಗೆ ಇಳಿದಿದೆ, ಸ್ಟಾರ್ಟ್ ಕೂಡ ಮಾಡಬೇಡಿ. ಆದರೆ ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಆಯಿಲ್ ಮುಚ್ಚಳದಡಿ ಬರೀ ತೇವಾಂಶಕ್ಕೂ ಬಿಳಿ ನೊರೆ ಕಟ್ಟುತ್ತದೆ. ಅಷ್ಟನ್ನೇ ನೋಡಿ ಹೆಡ್ ಬಿಚ್ಚಿಸಬೇಡಿ, ಡಿಪ್‌ಸ್ಟಿಕ್ ನೋಡಿ.

ಡೀಸೆಲ್ ಗಾಡಿಯವರಿಗೆ ಒಂದು ಮಾತು: ಎಲ್ಲೂ ಸೋರದೆ ಕೂಲಂಟ್ ಕಮ್ಮಿಯಾಗುತ್ತಿದ್ದರೆ ಗ್ಯಾಸ್ಕೆಟ್‌ಗಿಂತ ಮೊದಲು ಇಜಿಆರ್ ಕೂಲರ್ (ಎಂಜಿನ್ನಿಗೆ ಮತ್ತೆ ಹೋಗುವ ಹೊಗೆಯನ್ನು ತಣಿಸುವ ಭಾಗ) ಪರೀಕ್ಷಿಸಿ.

ಹೆಡ್ ಇಳಿಸಿದಾಗ ಎರಡು ಮತ್ತು ಮೂರರ ನಡುವೆ ಗ್ಯಾಸ್ಕೆಟ್ ಸುಟ್ಟು ಒಂದು ಕಪ್ಪು ಗೀರು ಕಾಣುತ್ತಿತ್ತು. ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದರೆ 0.12 ಮಿ.ಮೀ. ಹಾಳೆ ಒಳಗೆ ಹೋಯಿತು. ಅಂದರೆ ಹೆಡ್ ಅಷ್ಟು ಸೊಟ್ಟಗಾಗಿತ್ತು. ಬಹಳ ಎಂಜಿನ್‌ಗಳಿಗೆ ಮಿತಿ 0.05 ಮಿ.ಮೀ. ಆಸುಪಾಸು, ನಿಮ್ಮ ಎಂಜಿನ್ನಿನದು ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಲೇತ್‌ಗೆ ಕೊಟ್ಟು ಫೇಸಿಂಗ್ ಮಾಡಿಸಿ, ಬಿರುಕು ಇಲ್ಲ ಅಂತ ನೋಡಿಸಿ, ಹೊಸ ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್ ಹಾಕಿದೆವು. ಟಾರ್ಕ್ ರೆಂಚ್ ಇಲ್ಲದ ಕಡೆ ಈ ಕೆಲಸ ಮಾಡಿಸಬೇಡಿ.

ಕೋಡ್ ಅಳಿಸಿದ ಮೇಲೆ

ಈಗ ಅಳಿಸಬಹುದು. ಆದರೆ ಕೂಲಂಟ್ ತುಂಬಿ ಗಾಳಿ ಪೂರ್ತಿ ತೆಗೆದ ಮೇಲೆ. ಗಾಡಿಯ ಮೂತಿ ಮೇಲಿರುವಂತೆ ನಿಲ್ಲಿಸಿ, ಹೀಟರ್ ಫುಲ್ ಬಿಸಿಗೆ ಇಟ್ಟು, ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಐಡಲ್‌ನಲ್ಲಿ ಬಿಡಿ. ಒಳಗೆ ಗಾಳಿ ಉಳಿದರೆ ಪಿ0116 ಮತ್ತೆ ಬರುತ್ತದೆ, ಹೊಸ ಗ್ಯಾಸ್ಕೆಟ್ ಹೋಯಿತೇನೋ ಅಂತ ಎದೆ ಹೊಡೆದುಕೊಳ್ಳುತ್ತದೆ.

ಮೊದಲ ಎರಡು ವಾರ ಪೆಂಡಿಂಗ್ ಕೋಡ್ ನೋಡುತ್ತಿರಿ. ಕಾದಾಗ ಮಾತ್ರ ಎಂಜಿನ್ ಆಫ್ ಆಗಿ, ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತಿದ್ದರೆ, ಜೊತೆಗೆ ಪಿ0335 ಅಥವಾ ಪಿ0340 ಇದ್ದರೆ, ಬಿಸಿಗೆ ಕ್ರ್ಯಾಂಕ್ ಇಲ್ಲವೇ ಕ್ಯಾಮ್ ಸೆನ್ಸರ್ ಪೆಟ್ಟು ತಿಂದಿರಬಹುದು. ನಮಗೆ ಹತ್ತನೇ ದಿನ ಪೆಂಡಿಂಗ್‌ನಲ್ಲಿ ಪಿ0420 ಬಂತು, ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ತುಂಬಾ ದುಬಾರಿ ಪಾರ್ಟ್, ಎದೆ ಧಸಕ್ಕೆಂದಿತು. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ಕಿವಿಗೊಟ್ಟರೆ ಎಕ್ಸಾಸ್ಟ್ ಜಾಯಿಂಟ್‌ನಲ್ಲಿ ಟಿಸ್ ಟಿಸ್ ಅನ್ನುವ ಸದ್ದು. ಹೆಡ್ ಕೂರಿಸುವಾಗ ಅಲ್ಲೊಂದು ನಟ್ ಸಡಿಲ ಉಳಿದಿತ್ತು. ಸೋರುವ ಜಾಗದಲ್ಲಿ ಹೊರಗಿನ ಗಾಳಿ ಒಳಗೆ ಹೋಗಿ ಆಕ್ಸಿಜನ್ ಸೆನ್ಸರ್‌ನ ಲೆಕ್ಕ ತಪ್ಪಿಸುತ್ತಿತ್ತು. ಬಿಗಿ ಮಾಡಿದ ಮೇಲೆ ಆ ಕೋಡ್ ಮತ್ತೆ ಬರಲಿಲ್ಲ.

ಮುಂದಿನ ತಿಂಗಳು ಮತ್ತೆ ಮಂಗಳೂರಿಗೆ ಹೋಗಿ ಅದೇ ಘಾಟಿ ಹತ್ತಿದೆವು. ಪಕ್ಕದ ಸೀಟಿನಲ್ಲಿ ಹೆಂಡತಿ ಫೋನ್ ಹಿಡಿದು ಲೈವ್ ಡೇಟಾ ಓದುತ್ತಿದ್ದಳು. ಮುಂದೆ ಮತ್ತೆ ಟ್ಯಾಂಕರ್, ಎರಡನೇ ಗೇರ್, ಎಸಿಯನ್ನು ಬೇಕಂತಲೇ ಆಫ್ ಮಾಡಿದ್ದೆ, ಫ್ಯಾನ್ ಯಾವಾಗ ಬರುತ್ತದೆ ಅಂತ ಗೊತ್ತಾಗಲಿ ಅಂತ. 89. 92. 95. ದೋಣಿಗಲ್ ಹತ್ತಿರ "97" ಅಂದಳು. ಬೋನೆಟ್ ಒಳಗಿಂದ ಫ್ಯಾನಿನ ಸದ್ದು ಬಂತು. ಒಂದು ನಿಮಿಷಕ್ಕೆ 91.